ಅಕ್ಕಪಕ್ಕದ ವಚನಗಳು

ಹ್ಯಾವರ್‌ಫೀಲ್ಡ್, ಸಫೋಕ್
ಏಪ್ರಿಲ್ ೯, ೧೬೨೪

ಮಗನೇ ಜೋಸಯಸ್,

ವೈದ್ಯ ನಿನ್ನೆ ಬಂದು ಹೋದ. ಎದೆಯಲ್ಲಿ ಗಡ್ಡೆ ಬಲಿತಿದೆ, ಬರುವ ಚಳಿಗಾಲ ದಾಟುವುದು ಕಷ್ಟ ಎಂದು ಹೇಳುವುದಕ್ಕೆ ಅವನು ಮೊದಲು ಮಳೆಯ ಮಾತಾಡಿದ, ಆಮೇಲೆ ನಿನ್ನ ಅಪ್ಪನ ಗುಣಗಾನ ಮಾಡಿದ, ಕೊನೆಗೆ ಕಿಟಕಿಯ ಕಡೆ ಮುಖ ತಿರುಗಿಸಿ ಹೇಳಿದ. ಅವನಿಗೆ ಒಂದು ಲೋಟ ಬಿಯರ್ ಕೊಡಿಸಿ ಕಳಿಸಿದೆ. ಕೆಲಸದ ಸಿಸ್ಲಿ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ಹಿಂಜಬೇಕಾದ ಉಣ್ಣೆ ಹಾಗೇ ಬಿದ್ದಿದೆ, ಅದನ್ನು ಮುಗಿಸಿ ಅಳು ಎಂದೆ.

ಈ ಪತ್ರ ನಿನ್ನನ್ನು ಅಳಿಸುವುದಕ್ಕಲ್ಲ, ಒಂದು ಕೆಲಸ ಒಪ್ಪಿಸುವುದಕ್ಕೆ. ನನ್ನನ್ನು ಮಣ್ಣು ಮಾಡುವ ದಿನ ಚರ್ಚಿನಲ್ಲಿ ಪ್ರಸಂಗ ನೀನೇ ಮಾಡಬೇಕು, ನೀನೂ ಬೋಧಕನೇ. ನಮ್ಮ ಊರಿನ ಬೋಧಕರು ಅಚ್ಚು ಹಾಕಿದ ಪುಸ್ತಕ ಮುಂದಿಟ್ಟುಕೊಂಡು ಓದುತ್ತಾರೆ. ಬೇರೆ ಯಾರೋ ಬೇರೆ ಯಾರಿಗೋ ಬರೆದದ್ದನ್ನು ಕೇಳಿಸಿಕೊಂಡು ನಾನು ಗುಂಡಿಗೆ ಇಳಿಯುವವಳಲ್ಲ.

ಸತ್ಯವೇದದ ಯಾವ ವಚನದ ಮೇಲೆ ಪ್ರಸಂಗ ಆಗಬೇಕು ಎನ್ನುವುದನ್ನು ಸಾಯುವವರೇ ಆರಿಸುವುದು ನಮ್ಮಲ್ಲಿ ನಡೆದು ಬಂದದ್ದು. ನಾನು ಆರಿಸಿದ್ದೇನೆ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರ, ನಾಲ್ಕನೆಯ ಅಧ್ಯಾಯ, ಏಳನೆಯ ವಚನ. 'ಒಳ್ಳೆಯ ಹೋರಾಟ ಮಾಡಿದ್ದೇನೆ, ನನ್ನ ಓಟ ಮುಗಿಸಿದ್ದೇನೆ, ನಂಬಿಕೆಯನ್ನು ಕಾಪಾಡಿಕೊಂಡಿದ್ದೇನೆ.' ನಿನ್ನ ಅಪ್ಪ ಹೋದ ಮೇಲೆ ಈ ಮಗ್ಗಗಳನ್ನು ನಿಲ್ಲಲು ಬಿಡದೆ, ಈ ಮನೆಯಲ್ಲಿ ಒಂದು ಭಾನುವಾರವೂ ಪ್ರಾರ್ಥನೆ ತಪ್ಪಿಸದೆ ನಡೆಸಿದವಳಿಗೆ ಇದು ಸಲ್ಲುತ್ತದೆ ಎಂದು ನನ್ನ ಲೆಕ್ಕ. ಹೆಚ್ಚು ಹೊಗಳುವುದು ಬೇಡ. ವಚನವೇ ಸಾಕು.

ಒಂದು ಎಚ್ಚರಿಕೆ. ಕಳೆದ ಬೇಸಿಗೆಯಲ್ಲಿ ನೀನು ಇಲ್ಲಿ ಪ್ರಸಂಗ ಮಾಡಿದಾಗ ಸಮುವೇಲನ ಪುಸ್ತಕ ಎನ್ನಬೇಕಾದ ಕಡೆ ಪೂರ್ವಕಾಲವೃತ್ತಾಂತದ ಪುಸ್ತಕ ಎಂದೆ. ಚರ್ಚಿನ ತುಂಬ ಜನ ಹಾಳೆ ತಿರುವಿ ನೋಡಿದರೆ ಯಾರು ಯಾರಿಗೆ ಹುಟ್ಟಿದರು ಎಂಬ ಹೆಸರುಗಳ ಸಾಲು. ನೆರೆಮನೆಯ ಪಾಸ್ಕ್ ಹೆಂಡತಿ ನನ್ನ ಕಡೆ ತಿರುಗಿ, ಅಂದರೆ ನಿನ್ನ ತಾಯಿಯ ಕಡೆ ತಿರುಗಿ, ಹುಬ್ಬು ಏರಿಸಿದಳು. ನಾನು ಹೊಲಿಗೆ ಬಿಟ್ಟುಹೋದ ಕೈಗವಸನ್ನು ನೋಡುತ್ತಾ ಕೂತೆ. ಅಂಥದ್ದು ಇನ್ನೊಮ್ಮೆ ಆಗಬಾರದು. ಆ ದಿನ ನಾನು ಕೈಗವಸು ನೋಡಿಕೊಂಡು ಕೂರುವ ಹಾಗಿರುವುದಿಲ್ಲ.

ಗಾಡಿಯವನ ಕೈಲಿ ಒಣಗಿಸಿದ ಗಟ್ಟಿ ಗಿಣ್ಣಿನ ಒಂದು ಉಂಡೆ ಕಳಿಸಿದ್ದೇನೆ. ಮೇಲಿನ ಸಿಪ್ಪೆ ಕೆರೆದು ತಿನ್ನು.

ದೇವರ ಭಯ ನಿನ್ನನ್ನು ಕಾಯಲಿ.

ನಿನ್ನ ತಾಯಿ,
ಥೋಮಸಿನ್ ಕೆರಿಚ್


ಲಾಂಗ್‌ಮಿಯರ್, ಎಸೆಕ್ಸ್
ಮೇ ೨, ೧೬೨೪

ಪೂಜ್ಯ ತಾಯಿಯವರಿಗೆ,

ನಿಮ್ಮ ಪತ್ರ ಓದಿ ಹೊರಗೆ ಹೋಗಿ ಕತ್ತಲಾಗುವವರೆಗೆ ಸೌದೆ ಸೀಳಿದೆ. ಅಷ್ಟು ಮಾತ್ರ ಬರೆಯುತ್ತೇನೆ. ಮಿಕ್ಕದ್ದನ್ನು ನೀವು ಓದಲು ಇಷ್ಟಪಡುವುದಿಲ್ಲ ಎಂದು ಗೊತ್ತು.

ಪ್ರಸಂಗ ನಾನೇ ಮಾಡುತ್ತೇನೆ. ಆದರೆ ನೀವು ಆರಿಸಿದ ವಚನದ ಬಗ್ಗೆ ಒಂದು ಮಾತು. ಅದು ಒಳ್ಳೆಯ ವಚನ. ನಾನು ಅಧ್ಯಾಯ ಹೇಳಿದ ಕೂಡಲೇ ಹ್ಯಾವರ್‌ಫೀಲ್ಡಿನಲ್ಲಿ ಓದು ಬಂದವರೆಲ್ಲ ಹಾಳೆ ತಿರುವುತ್ತಾರೆ. ಬೋಧಕನ ಬಾಯಿಮಾತನ್ನು ನಂಬಬೇಡಿ, ತೆಗೆದು ನೋಡಿ ಎಂದು ಆ ಊರಿಗೆ ಕಲಿಸಿದವರಲ್ಲಿ ನೀವೇ ಮೊದಲಿಗರು. ಏಳನೆಯದನ್ನು ಕಂಡ ಕಣ್ಣು ಅಲ್ಲೇ ನಿಲ್ಲುವುದಿಲ್ಲ, ಎರಡು ಬೆರಳಷ್ಟು ಕೆಳಗೆ ಹನ್ನೊಂದಕ್ಕೆ ಇಳಿಯುತ್ತದೆ. 'ಮಾರ್ಕನನ್ನು ನಿನ್ನ ಜೊತೆಯಲ್ಲಿ ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ.' ಹಿಂದೆ ಪೌಲನು ಸಿಟ್ಟಾಗಿ, ಇವನು ನನ್ನ ಜೊತೆ ಬರುವುದೇ ಬೇಡ ಎಂದು ದೂರ ಮಾಡಿದ್ದ ಅದೇ ಮಾರ್ಕ. ಸಾವು ಹತ್ತಿರ ಬಂದಾಗ ಅವನನ್ನು ಕರೆಸಿಕೊಳ್ಳುತ್ತಿದ್ದಾನೆ.

ಅದನ್ನು ಓದಿದವರೆಲ್ಲ ನನ್ನ ಅಕ್ಕನನ್ನು ನೆನೆಸಿಕೊಳ್ಳುತ್ತಾರೆ. ಹನ್ನೆರಡು ವರ್ಷದಿಂದ ಅವಳ ಹೆಸರು ಆ ಮನೆಯಲ್ಲಿ ಎತ್ತಬಾರದು ಎಂದು ನೀವು ಹಾಕಿದ ಕಟ್ಟಳೆ ನೆನಪಿದೆ, ಆದ್ದರಿಂದ ಹೆಸರು ಬರೆದಿಲ್ಲ. ಅವಳು ಬರದ ಶವಸಂಸ್ಕಾರದಲ್ಲಿ ಆ ಅಧ್ಯಾಯ ತೆರೆಸುವುದು ನಿಮಗೆ ಒಪ್ಪಿಗೆಯೇ ಎಂದು ಕೇಳುತ್ತಿದ್ದೇನೆ. ಅಥವಾ ಹನ್ನೊಂದನೆಯ ವಚನದ ಹಾಗೆ ಮಾಡುವ ಮನಸ್ಸು ನಿಮಗಿದ್ದರೆ, ಒಂದು ಮಾತು ಬರೆಯಿರಿ ಸಾಕು, ನಾನೇ ಹೋಗಿ ಕರೆತರುತ್ತೇನೆ.

ಗಿಣ್ಣು ಚೆನ್ನಾಗಿತ್ತು. ಸಿಪ್ಪೆಯನ್ನೂ ತಿಂದೆ.

ನಿಮ್ಮ ಆಶೀರ್ವಾದ ಬೇಡುವ ಮಗ,
ಜೋಸಯಸ್


ಹ್ಯಾವರ್‌ಫೀಲ್ಡ್
ಮೇ ೨೧, ೧೬೨೪

ಜೋಸಯಸ್,

ಹನ್ನೊಂದನ್ನು ಕಂಡ ಕಣ್ಣಿಗೆ ಹತ್ತು ಕಾಣಲಿಲ್ಲವೋ? 'ದೇಮನು ಈ ಲೋಕವನ್ನು ಪ್ರೀತಿಸಿ ನನ್ನನ್ನು ತೊರೆದು ಹೋದನು.' ಪೌಲನು ದೇಮನನ್ನು ಕರೆತರಲು ಯಾರನ್ನೂ ಕಳಿಸಲಿಲ್ಲ. ಓದುವವರು ಓದಲಿ. ಆ ಇಬ್ಬರಲ್ಲಿ ನಿನ್ನ ಅಕ್ಕ ಯಾರ ಹಾಗೆ ಎಂದು ಈ ಊರಿಗೆ ಗೊತ್ತಿದೆ.

ನಿನಗೂ ಗೊತ್ತಿರಲಿ ಎಂದು ನಡೆದದ್ದನ್ನು ಬರೆಯುತ್ತೇನೆ. ಆಗ ನೀನು ಕೇಂಬ್ರಿಜ್‌ನಲ್ಲಿ ಓದುತ್ತಿದ್ದೆ, ಅವರಿವರ ಬಾಯಲ್ಲಿ ಕೇಳಿರುತ್ತೀಯ. ಅವಳು ಆರ್ವೆಲ್ ನದಿಯ ಕೆಸರಿನಲ್ಲಿ ಹಾವುಮೀನು ಹಿಡಿಯುವ ಅಬೆಲ್ ಗ್ಯಾರಡ್‌ನನ್ನು ಮದುವೆ ಆಗುತ್ತೇನೆ ಎಂದಳು. ಆಗುವುದಿಲ್ಲ ಎಂದೆ. ಮುಂದಿನ ಭಾನುವಾರ ಸಂಜೆ, ಬೆಳಗಿನ ಪ್ರಸಂಗವನ್ನು ಮನೆಯವರೆಲ್ಲ ಕೂತು ನೆನಪು ಮಾಡಿಕೊಳ್ಳುವ ಹೊತ್ತಿನಲ್ಲಿ, ಆಳುಗಳೂ ನೇಯ್ಗೆಯವರೂ ಇದ್ದರು, ನಾನು ಅವಳ ಕೈಗೆ ಪುಸ್ತಕ ಕೊಟ್ಟು ಎಫೆಸದವರ ಪತ್ರದ ಆರನೆಯ ಅಧ್ಯಾಯ ತೆಗೆಸಿದೆ. 'ಮಕ್ಕಳೇ, ನಿಮ್ಮ ತಂದೆತಾಯಿಗಳ ಮಾತು ಕೇಳಿರಿ' ಎಂದು ಓದಿದಳು. ಸಾಕು ಎಂದೆ. ಅವಳು ನಿಲ್ಲಿಸಲಿಲ್ಲ. ಎರಡು, ಮೂರು ಓದಿ ನಾಲ್ಕಕ್ಕೆ ಬಂದಳು. 'ತಂದೆಗಳೇ, ನಿಮ್ಮ ಮಕ್ಕಳನ್ನು ಕೆಣಕಿ ಕೋಪ ಬರಿಸಬೇಡಿರಿ.'

ಅಲ್ಲಿ ತಂದೆಗಳೇ ಎಂದಿದೆ, ನಿನ್ನ ತಂದೆ ಮಣ್ಣಿನಲ್ಲಿದ್ದಾನೆ ಎಂದೆ. ಅದಕ್ಕೆ ಅವಳು ಕೊಟ್ಟ ಉತ್ತರ ಇದು: "ಅಪ್ಪನ ಮಗ್ಗ ನಿನಗೆ ಬಂತಲ್ಲಮ್ಮ. ಅಪ್ಪನಿಗೆ ಹೇಳಿದ ಮಾತೂ ಬಂತು ಅಂದ್ಕೋ."

ನೇಯ್ಗೆಯವರು ನಕ್ಕರು. ನನ್ನ ಕೂಲಿ ತಿನ್ನುವವರು, ನನ್ನ ಮನೆಯಲ್ಲಿ ಕೂತು. ಅವಳು ಆ ವಾರವೇ ಹೋದಳು. ಹೋಗು ಎಂದವಳು ನಾನೇ. ಬರಲೇ ಎಂದು ಅವಳೂ ಕೇಳಲಿಲ್ಲ, ಬಾ ಎಂದು ನಾನೂ ಹೇಳಲಿಲ್ಲ.

ತಿಮೊಥೆಯನ ಪತ್ರ ನಿನಗೆ ಕಷ್ಟವಾದರೆ ಬಿಡು, ಬೇರೆ ಕೊಡುತ್ತೇನೆ. ರೂತಳ ಪುಸ್ತಕ, ಮೂರನೆಯ ಅಧ್ಯಾಯ, ಹನ್ನೊಂದು. 'ನೀನು ಗುಣವಂತೆ ಎಂದು ಊರಿನವರೆಲ್ಲರಿಗೂ ಗೊತ್ತು.' ಇದರಲ್ಲಿ ಮಾರ್ಕನೂ ಇಲ್ಲ ದೇಮನೂ ಇಲ್ಲ. ನನ್ನ ಹಳೆಯ ಪುಸ್ತಕದ ಮಾತುಗಳಲ್ಲೇ ಹೇಳು. ಅರಸನ ಹೊಸ ಅನುವಾದ ಹಿಡಿದುಕೊಂಡು ಬರಬೇಡ. ಅದರ ಅಂಚಿನಲ್ಲಿ ಅರ್ಥ ಬರೆದಿಲ್ಲ, ಬೋಧಕ ಹೇಳಿದ್ದೇ ಅರ್ಥ ಎಂದಾಗುತ್ತದೆ.

ನಿನ್ನ ತಾಯಿ,
ಥೋಮಸಿನ್ ಕೆರಿಚ್


ಲಾಂಗ್‌ಮಿಯರ್
ಜೂನ್ ೧೪, ೧೬೨೪

ಪೂಜ್ಯ ತಾಯಿಯವರಿಗೆ,

ರೂತಳ ಮೂರನೆಯ ಅಧ್ಯಾಯವನ್ನು ನೀವು ಇತ್ತೀಚೆಗೆ ಪೂರ್ತಿ ಓದಿದ್ದೀರೋ ಇಲ್ಲವೋ ತಿಳಿಯದು. ಆ ಮಾತನ್ನು ಆಡುವವನು ಹೊಲದ ಒಡೆಯ ಬೋವಜ. ಆಡುವ ಸ್ಥಳ ಕಣ. ಅವನು ಉಂಡು ಕುಡಿದು ಧಾನ್ಯದ ರಾಶಿಯ ಪಕ್ಕ ಮಲಗಿದ್ದಾನೆ. ರೂತಳು ಸದ್ದಿಲ್ಲದೆ ಬಂದು ಅವನ ಕಾಲ ಬಳಿ ಹೊದಿಕೆ ಸರಿಸಿ ಮಲಗಿದ್ದಾಳೆ. ನೀನು ಬಂದದ್ದು ಯಾರಿಗೂ ತಿಳಿಯಬಾರದು ಎಂದೂ ಅವನೇ ಮುಂದೆ ಹೇಳುತ್ತಾನೆ. ಇದನ್ನು ನಾನು ಪ್ರಸಂಗಪೀಠದಿಂದ ನಿಮ್ಮ ಹೆಸರಿನ ಜೊತೆ ಹೇಳಿದರೆ, ಪಾಸ್ಕ್ ಮನೆಯ ಕೆಲಸದ ಹುಡುಗರು ಆ ವರ್ಷ ಇನ್ನು ಬೇರೆ ಅಧ್ಯಾಯ ಓದುವುದಿಲ್ಲ.

ನಗುವ ಹೊತ್ತಲ್ಲ, ಬಲ್ಲೆ. ಆದರೆ ನೀವು ಸಹ ಸ್ವಲ್ಪ ನಕ್ಕಿರಬಹುದು ಎಂಬ ಆಸೆಯಿಂದ ಬರೆದೆ.

ಇನ್ನು ನೀವು ಬರೆದ ಭಾನುವಾರದ ವಿಷಯ. ಅದನ್ನು ನಾನು ಡಮಾರಿಸ್ ಬಾಯಿಂದಲೇ ಕೇಳಿದ್ದೇನೆ. ಹೌದು, ಹೆಸರು ಬರೆದಿದ್ದೇನೆ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಅವಳ ಮನೆಗೆ ಹೋಗಿ ಒಂದೆರಡು ದಿನ ಇದ್ದು ಬರುತ್ತೇನೆ. ಇದನ್ನು ಇಷ್ಟು ದಿನ ನಿಮಗೆ ಹೇಳಲಿಲ್ಲ. ನನಗೆ ನಿಮ್ಮ ಭಯ. ಚರ್ಚಿನ ತುಂಬ ಜನರ ಮುಂದೆ ನಿಂತು ಮಾತಾಡಲು ಹೆದರದವನು ನಿಮಗೆ ಹೆದರುತ್ತೇನೆ.

ಅವಳು ವಿಷಯವನ್ನು ನೀವು ಹೇಳಿದಂತೆಯೇ ಹೇಳಿದಳು, ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲ. ಇಬ್ಬರು ಜಗಳವಾಡಿದವರು ಒಂದೇ ಕಥೆ ಹೇಳುವುದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಅಲ್ಲಿ ಬಲೆ ಹೆಣೆಯುವ ಹೆಂಗಸರು ಸಂಜೆ ಅವಳ ಮನೆಯಲ್ಲಿ ಸೇರುತ್ತಾರೆ, ಅವಳು ಸತ್ಯವೇದ ಓದುತ್ತಾಳೆ. ವಿವರಿಸುವುದಿಲ್ಲ. ಇಂಪಾದ ಕಡೆ ನಿಲ್ಲಿಸುವುದೂ ಇಲ್ಲ, ಅಧ್ಯಾಯದ ಕೊನೆ ಬರುವವರೆಗೆ ಓದುತ್ತಾಳೆ. ಅಬೆಲ್ ಮೂಲೆಯಲ್ಲಿ ನಿದ್ದೆ ಮಾಡುತ್ತಾನೆ. ಒಳ್ಳೆಯ ಮನುಷ್ಯ.

ನಿಮ್ಮ ಕಾಯಿಲೆಯನ್ನು ಅವಳಿಗೆ ತಿಳಿಸಲೇ? ನಿಮ್ಮ ಅಪ್ಪಣೆಯಿಲ್ಲದೆ ತಿಳಿಸುವುದಿಲ್ಲ.

ನಿಮ್ಮ ಮಗ,
ಜೋಸಯಸ್


ಹ್ಯಾವರ್‌ಫೀಲ್ಡ್
ಜುಲೈ ೬, ೧೬೨೪

ಜೋಸಯಸ್,

ತಿಳಿಸಬೇಡ.

ನೀನು ಹೋಗಿ ಬರುವುದು ನನಗೆ ಗೊತ್ತಿತ್ತು. ಪ್ರತಿ ವರ್ಷ ಆ ದಿನಗಳ ನಂತರ ನೀನು ಇಲ್ಲಿಗೆ ಬಂದಾಗ ನಿನ್ನ ಮೇಲಂಗಿ ಹೊಗೆಯಲ್ಲಿ ಒಣಗಿಸಿದ ಮೀನಿನ ವಾಸನೆ ಹೊಡೆಯುತ್ತದೆ. ಸಿಸ್ಲಿ ಅದನ್ನು ಹಿತ್ತಲಲ್ಲಿ ನೇತು ಹಾಕುತ್ತಾಳೆ. ನಿನ್ನನ್ನು ಕೇಳಲಿಲ್ಲ, ಯಾಕೆಂದರೆ ಕೇಳಿದರೆ ನೀನು ನಿಜ ಹೇಳಬೇಕಾಗುತ್ತಿತ್ತು.

ರೂತಳ ವಿಷಯದಲ್ಲಿ ನೀನು ಹೇಳಿದ್ದು ಸರಿ. ನಾನು ಆ ವಚನವನ್ನು ಬೇರೆಯವರ ಪ್ರಸಂಗದಲ್ಲಿ ಕೇಳಿ ನೆನಪಿಟ್ಟುಕೊಂಡಿದ್ದೆ, ತೆಗೆದು ನೋಡಿರಲಿಲ್ಲ. ಇಂಥ ತಪ್ಪಿಗೆ ನಾನು ಬೇರೆಯವರನ್ನು ಬಿಡುವವಳಲ್ಲ, ಆದ್ದರಿಂದ ನೀನು ಬರೆದ ಕುಚೋದ್ಯವನ್ನು ಸಹಿಸಿಕೊಂಡಿದ್ದೇನೆ.

ಈ ಸಲ ಮೇಲೂ ಕೆಳಗೂ ನೋಡಿ ಆರಿಸಿದ್ದೇನೆ. ಲೂಕ, ಎರಡನೆಯ ಅಧ್ಯಾಯ, ಮೂವತ್ತಾರು ಮತ್ತು ಮೂವತ್ತೇಳು. ಅನ್ನಳೆಂಬ ಮುದುಕಿ, ವಿಧವೆ, 'ದೇವಾಲಯವನ್ನು ಬಿಟ್ಟು ಹೋಗದೆ ಉಪವಾಸದಿಂದಲೂ ಪ್ರಾರ್ಥನೆಯಿಂದಲೂ ಹಗಲುರಾತ್ರಿ ದೇವರ ಸೇವೆ ಮಾಡುತ್ತಿದ್ದಳು.' ಅವಳಿಗೆ ಮಕ್ಕಳಿದ್ದರು ಎಂದು ಎಲ್ಲೂ ಬರೆದಿಲ್ಲ. ಗಂಡನ ಜೊತೆ ಬಾಳಿದ್ದು ಏಳು ವರ್ಷ ಎಂದಿದೆ, ಅದು ನನಗೆ ಹೊಂದುವುದಿಲ್ಲ, ಆದರೆ ಅಷ್ಟನ್ನು ಯಾರೂ ಹಿಡಿದು ಎಳೆಯುವುದಿಲ್ಲ.

ಬಲಗೈ ಊದಿಕೊಂಡಿದೆ. ಅಕ್ಷರ ಕೆಟ್ಟಿದ್ದರೆ ಅದಕ್ಕೆ.

ನಿನ್ನ ತಾಯಿ,
ಥೋಮಸಿನ್ ಕೆರಿಚ್


ಲಾಂಗ್‌ಮಿಯರ್
ಜುಲೈ ೩೦, ೧೬೨೪

ಪೂಜ್ಯ ತಾಯಿಯವರಿಗೆ,

ನೀವು ಎಲ್ಲಿಯವರೆಗೆ ಕೆಳಗೆ ನೋಡಿದಿರಿ? ಅದೇ ಹಾಳೆಯಲ್ಲಿ ಮುಂದಿನ ಕಥೆ ಇದೆ. ಹನ್ನೆರಡು ವರ್ಷದ ಮಗನೊಡನೆ ತಂದೆತಾಯಿ ಹಬ್ಬಕ್ಕೆ ಹೋಗುತ್ತಾರೆ. ಹಿಂದಿರುಗುವಾಗ ಒಂದು ದಿನದ ದಾರಿ ನಡೆದ ಮೇಲೆ ಅವನು ಜೊತೆಯಲ್ಲಿಲ್ಲ ಎಂದು ತಿಳಿಯುತ್ತದೆ. ನಂಟರಲ್ಲಿ ಹುಡುಕುತ್ತಾರೆ, ಪರಿಚಯದವರಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ಆಮೇಲೆ ಬಂದ ದಾರಿಯಲ್ಲೇ ತಿರುಗಿ ನಡೆಯುತ್ತಾರೆ. ತಾಯಿ ಮಗನಿಗೆ, ನಿನ್ನನ್ನು ದುಃಖಪಟ್ಟು ಹುಡುಕಿದೆವು ಎನ್ನುತ್ತಾಳೆ.

ಓದುವವರನ್ನು ನಾನು ತಡೆಯಲಾರೆ, ಅಮ್ಮ.

ಆದರೂ ನೀವು ಕಾಯಿಲೆಯಲ್ಲಿದ್ದೀರಿ, ನಾನು ಮಗ. ಆದ್ದರಿಂದ ಒಂದು ದಾರಿ ಹೇಳುತ್ತೇನೆ. ಎಷ್ಟೋ ಬೋಧಕರು ಮಾಡುತ್ತಾರೆ, ಯಾರೂ ತಪ್ಪು ಎನ್ನುವುದಿಲ್ಲ. ವಚನವನ್ನು ಮಾತ್ರ ಹೇಳುತ್ತೇನೆ, ಯಾವ ಪುಸ್ತಕ, ಯಾವ ಅಧ್ಯಾಯ ಎಂದು ಹೇಳುವುದಿಲ್ಲ. 'ದೇವರ ವಾಕ್ಯದಲ್ಲಿ ಹೀಗೆ ಬರೆದಿದೆ' ಎಂದು ಶುರುಮಾಡಿ ಹಾಗೇ ಮುಂದೆ ಹೋಗುತ್ತೇನೆ. ಹಾಳೆ ತಿರುವಲು ಯಾರಿಗೂ ಎಡೆ ಸಿಗುವುದಿಲ್ಲ. ನೀವು ಮೊದಲು ಆರಿಸಿದ ವಚನವನ್ನೇ ಇಟ್ಟುಕೊಳ್ಳಬಹುದು. ಒಳ್ಳೆಯ ಹೋರಾಟ, ಓಟ, ನಂಬಿಕೆ, ಅಷ್ಟೇ. ಮಾರ್ಕನ ತಂಟೆ ಇರುವುದಿಲ್ಲ.

ಹೂಂ ಎಂದರೆ ಹಾಗೇ ಮಾಡುತ್ತೇನೆ. ಮತ್ತೆ ಡಮಾರಿಸ್ ವಿಷಯ ಎತ್ತುವುದಿಲ್ಲ.

ನಿಮ್ಮ ಮಗ,
ಜೋಸಯಸ್


ಹ್ಯಾವರ್‌ಫೀಲ್ಡ್
ಸೆಪ್ಟೆಂಬರ್ ೧೭, ೧೬೨೪

ಜೋಸಯಸ್,

ಉತ್ತರ ತಡವಾಯಿತು. ಕೈಯ ಊತ ಒಂದು ಕಾರಣ. ನೀನು ಹೇಳಿದ ದಾರಿಯನ್ನು ಯೋಚಿಸುತ್ತಿದ್ದದ್ದು ಇನ್ನೊಂದು. ಯೋಚಿಸಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಪತ್ರದ ಮೇಲಿನ ತಾರೀಖು ನಿನಗೆ ಕಾಣುತ್ತದೆ.

ಬೇಡ. ಈ ಮನೆಯಿಂದ ಅಳತೆ ಸರಿಯಿದೆ ಎನ್ನುವ ಸೀಸದ ಮುದ್ರೆಯಿಲ್ಲದ ಒಂದು ತುಂಡು ಬಟ್ಟೆ ಸಂತೆಗೆ ಹೋಗಿಲ್ಲ. ಅಳೆದು ನೋಡುವುದಕ್ಕೆ ಕೊಡದೆ ಬಟ್ಟೆ ಮಾರುವವನು ಕಳ್ಳ. ಎಲ್ಲಿಂದ ತಂದದ್ದು ಎಂದು ಹೇಳದೆ ವಚನ ಹೇಳುವವನೂ ಅಷ್ಟೇ. ನಾನು ಗಟ್ಟಿಯಿದ್ದ ದಿನಗಳಲ್ಲಿ ಒಬ್ಬ ಬೋಧಕ ಹಾಗೆ ಮಾಡಿದರೆ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಕೇಳಿದ್ದೇನೆ ಸಹ. ಸತ್ತ ಮೇಲೆ ಅದೇ ಕಳ್ಳತನ ನನಗಾಗಿ ನಡೆಯುವುದು ಬೇಡ. ನನ್ನ ಮೇಲಿನ ಕನಿಕರಕ್ಕೆ ಹಾಗೆ ಬರೆದೆ ಎಂದು ತಿಳಿದಿದ್ದೇನೆ. ಕನಿಕರ ಬೇರೆ ಕಡೆ ಬಳಸು.

ಕೊಯ್ಲಿನ ದಿನಗಳೆಲ್ಲ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೆ. ನನಗೆ ಹಾಳೆ ತಿರುವಲು ಆಗದು, ಸಿಸ್ಲಿ ತಿರುವುತ್ತಿದ್ದಳು. ಯೋಬನ ಪುಸ್ತಕದಲ್ಲಿ ಒಂದು ಸಿಕ್ಕಿತು, ಅದರ ಮೇಲೆಯೇ ನಂಟರೆಲ್ಲ ದೂರವಾದರು ಎಂದಿದೆ. ಕೀರ್ತನೆಗಳಲ್ಲಿ ಮೂರು ಸಿಕ್ಕವು, ಒಂದೊಂದರ ಪಕ್ಕದಲ್ಲೂ ಏನೋ ಒಂದು ಕೂತಿತ್ತು. ಹೊಗಳಿಕೆಯ ಮಾತು ಎಲ್ಲಿದೆಯೋ ಅಲ್ಲಿಂದ ಹತ್ತು ಸಾಲಿನೊಳಗೆ ಒಂದು ಏಟು ಇದ್ದೇ ಇರುತ್ತದೆ. ಇಷ್ಟು ವರ್ಷ ಓದಿದ್ದೇನೆ, ಇದನ್ನು ಗಮನಿಸಿರಲಿಲ್ಲ. ನಾನು ಓದಿದ್ದು ಬೇರೆಯವರನ್ನು ಸರಿಮಾಡುವುದಕ್ಕೆ, ಆಗ ಏಟುಗಳು ಸುಲಭವಾಗಿ ಕೈಗೆ ಸಿಗುತ್ತಿದ್ದವು.

ಸಿಸ್ಲಿಗೆ ಕೊನೆಗೆ ಬೇಸರವಾಯಿತು. "ಅಮ್ಮಾವ್ರೇ, ನೆರೆಹೊರೆ ಇಲ್ಲದ ವಚನ ಬೇಕು ಅಂದ್ರೆ ಕೊನೇ ಪುಟದ ಕೊನೇ ಸಾಲೇ ಗತಿ. ಅದರ ಕೆಳಗಂತೂ ಯಾರೂ ಇಲ್ಲ," ಎಂದಳು. ತಮಾಷೆಗೆ ಹೇಳಿದ್ದು. ನಾನು ತೆಗೆಸಿದೆ. ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ ಎಂದು ಮುಗಿಯುತ್ತದೆ. ಕೆಳಗೆ ಬಿಳಿ ಹಾಳೆ. ಎರಡು ವಚನ ಮೇಲೆ ಹೋದರೆ, ಈ ಪುಸ್ತಕದ ಮಾತುಗಳಲ್ಲಿ ಯಾವುದನ್ನಾದರೂ ಯಾರು ತೆಗೆದುಹಾಕುತ್ತಾರೋ ಅವರ ಪಾಲನ್ನು ದೇವರು ತೆಗೆದುಹಾಕುತ್ತಾನೆ ಎಂದಿದೆ. ಸಿಸ್ಲಿಯನ್ನು ಹಿಟ್ಟು ನಾದಲು ಕಳಿಸಿ ಪುಸ್ತಕ ಮುಚ್ಚಿದೆ.

ವಚನದ ವಿಷಯ ನೀನು ಇಲ್ಲಿಗೆ ಬಿಡು. ನಾನು ಬೇರೆ ಏರ್ಪಾಡು ಮಾಡುತ್ತೇನೆ.

ನಿನ್ನ ತಾಯಿ,
ಥೋಮಸಿನ್ ಕೆರಿಚ್


ಹ್ಯಾವರ್‌ಫೀಲ್ಡ್
ಸೆಪ್ಟೆಂಬರ್ ೨೯, ೧೬೨೪

ಡಮಾರಿಸ್,

ನನಗೆ ಕಾಯಿಲೆ. ವಾಸಿಯಾಗುವಂಥದ್ದಲ್ಲ. ಶವಸಂಸ್ಕಾರದ ಪ್ರಸಂಗವನ್ನು ನಿನ್ನ ತಮ್ಮ ಮಾಡುತ್ತಾನೆ. ವಚನ ಆರಿಸುವುದು ಬಾಕಿ. ನಾನು ಆರಿಸಿದ್ದು ಯಾವುದೂ ನಿಲ್ಲಲಿಲ್ಲ. ಅವನಿಗೆ ಆರಿಸುವ ಧೈರ್ಯ ಇಲ್ಲ, ಬೇರೆಯವರು ಆರಿಸಿದ್ದರಲ್ಲಿ ಹುಳುಕು ತೋರಿಸುವುದು ಮಾತ್ರ ಬರುತ್ತದೆ.

ನಿನಗೆ ಓದಲು ಕೊಟ್ಟರೆ ಮುಂದಿನದನ್ನೂ ಓದುವ ಅಭ್ಯಾಸ. ಈಗ ಈ ಕೆಲಸಕ್ಕೆ ಅಂಥವರೇ ಬೇಕು. ಬಂದು ಆರಿಸಿಕೊಡು. ನಿನ್ನ ಗಂಡ ದೋಣಿಯಲ್ಲಿ ಇಪ್ಸ್‌ವಿಚ್ ಕಟ್ಟೆಯವರೆಗೆ ತಂದು ಬಿಡಲಿ, ಅಲ್ಲಿಗೆ ಗಾಡಿ ಕಳಿಸುತ್ತೇನೆ. ಅವನೂ ಬರುವುದಾದರೆ ಬರಬಹುದು. ಹಾವುಮೀನು ತಂದರೆ ಬೇಯಿಸುವುದು ಸಿಸ್ಲಿಗೆ ಗೊತ್ತಿದೆ. ನಾನು ತಿನ್ನುವುದಿಲ್ಲ.

ಚಳಿ ಜೋರಾಗುವ ಮುಂಚೆ ಬಂದರೆ ಒಳ್ಳೆಯದು. ಆಮೇಲೆ ಬಂದರೆ ಕೆಲಸ ಕೆಡುತ್ತದೆ.

ಥೋಮಸಿನ್ ಕೆರಿಚ್


ಆರ್ವೆಲ್ ದಡ
ಅಕ್ಟೋಬರ್ ೧೦, ೧೬೨೪

ಅಮ್ಮಾ,

ನಿನ್ನ ಪತ್ರವನ್ನು ಅಬೆಲ್‌ಗೆ ಓದಿ ಹೇಳಿದೆ. "ನಿಮ್ಮಮ್ಮ ಕರೀತಿರೋದು ವಚನಕ್ಕೋ ನಿನಗೋ?" ಅಂತ ಕೇಳಿದ. ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಕ್ಕಿಲ್ಲ ಎಂದೆ.

ಬರುತ್ತೇನೆ. ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಷಮೆ ಕೇಳುವುದಕ್ಕೆ ಬರುತ್ತಿಲ್ಲ. ನಾನು ಆರಿಸಿದ್ದನ್ನು ನೀನು ಬದಲಾಯಿಸುವಂತಿಲ್ಲ.

ಒಪ್ಪಿಗೆಯಾದರೆ ಗಾಡಿ ಕಳಿಸು. ಇಲ್ಲವಾದರೆ ಕಳಿಸಬೇಡ, ನಿನ್ನ ಅಕ್ಷರ ನೋಡಿದರೆ ಕೈ ಸರಿಯಿಲ್ಲ, ಮತ್ತೆ ಪತ್ರ ಬರೆದು ನೋಯಿಸಿಕೊಳ್ಳುವುದು ಬೇಡ. ಶನಿವಾರ ಕಟ್ಟೆಯಲ್ಲಿ ಸಂಜೆಯವರೆಗೆ ಕಾದು ನೋಡುತ್ತೇವೆ.

ಡಮಾರಿಸ್


ಹ್ಯಾವರ್‌ಫೀಲ್ಡ್
ನವೆಂಬರ್ ೮, ೧೬೨೪

ಮಗನೇ ಜೋಸಯಸ್,

ಗಾಡಿ ಕಳಿಸಿದೆ. ನಿನ್ನ ಅಕ್ಕ ಬಂದು ಮೂರು ವಾರವಾಯಿತು. ಇನ್ನೂ ಇದ್ದಾಳೆ. ಅವಳು ಗಾಡಿಯಿಂದ ಇಳಿದಾಗ ನಾನು ಬಾಗಿಲಿಗೆ ಹೋಗಲಿಲ್ಲ. ನಿಂತರೆ ಉಸಿರು ಕಟ್ಟುತ್ತದೆ. ಅವಳೇ ಒಳಗೆ ಬಂದು ನನ್ನ ಕುರ್ಚಿಯ ಎದುರು ನಿಂತಳು. ತಲೆ ಅರ್ಧ ನರೆತಿದೆ, ಕೈ ಮಗ್ಗದವರ ಕೈಗಿಂತ ಒರಟು. ದಾರಿ ಹೇಗಿತ್ತು ಎಂದೆ. ಕೆಸರು ಎಂದಳು. ಅಷ್ಟರ ಮೇಲೆ ಸಿಸ್ಲಿ ಇಬ್ಬರಿಗೂ ಸೂಪು ತಂದು ಕೊಟ್ಟಳು.

ಅಬೆಲ್ ಗ್ಯಾರಡ್ ಎರಡು ಭಾನುವಾರ ಇದ್ದು ಹೋದ. ಹಿತ್ತಲ ಬೇಲಿ ಬಿದ್ದಿದ್ದನ್ನು ಯಾರೂ ಹೇಳದೆ ಕಟ್ಟಿದ. ಚರ್ಚಿನಲ್ಲಿ ಪ್ರಸಂಗದುದ್ದಕ್ಕೂ ನಿದ್ದೆ ಮಾಡಿದ. ಬೋಧಕರು ಮತ್ತೆ ಆ ಅಚ್ಚಿನ ಪುಸ್ತಕವನ್ನೇ ಓದಿದರು, ಆದ್ದರಿಂದ ನಾನು ಅದನ್ನು ಅವನ ವಿರುದ್ಧ ಹಿಡಿಯಲಾರೆ. ಪಾಸ್ಕ್ ಹೆಂಡತಿ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಮಗಳು ಬಂದ ಹಾಗಿದೆ ಎಂದಳು. "ಕಣ್ಣು ಇನ್ನೂ ಚೆನ್ನಾಗಿದೆ ನಿನಗೆ," ಎಂದು ಸಿಸ್ಲಿಯ ತೋಳು ಹಿಡಿದು ಮುಂದೆ ಬಂದೆ.

ಸಂಜೆ ಹೊತ್ತು ಅವಳು ಓದುತ್ತಾಳೆ. ನೀನು ಬರೆದ ಹಾಗೆ ನಿಲ್ಲಿಸದೆ ಓದುತ್ತಾಳೆ. ನಡುವೆ ನಿಲ್ಲಿಸಿ ಅರ್ಥ ಹೇಳಬೇಕು ಎಂದು ನನಗೆ ಎಷ್ಟೋ ಸಲ ಬಾಯಿಗೆ ಬಂತು. ಹೇಳಲು ಉಸಿರು ಸಾಲದು, ಹಾಗಾಗಿ ಕೇಳಿಸಿಕೊಂಡೆ. ನೋವು ಹೆಚ್ಚಾದಾಗ ನನ್ನ ಬೆನ್ನ ಹಿಂದೆ ಕೂತು ತನ್ನ ಬೆನ್ನಿಗೆ ನನ್ನ ಬೆನ್ನು ಒರಗಿಸಿಕೊಳ್ಳುತ್ತಾಳೆ. ಹಾಗೆ ಕೂತರೆ ಮಲಗುವುದಕ್ಕಿಂತ ಸುಲಭ. ಮುಖ ನೋಡಿಕೊಳ್ಳುವ ಗೋಜೂ ಇಲ್ಲ.

ಇನ್ನು ವಚನ. ಆರಿಸಿದ್ದೇನೆ ಎಂದು ಹೋದ ಗುರುವಾರ ಹೇಳಿದಳು.

"ಯಾವುದು?" ಎಂದೆ.

"ಜೋಸಯಸ್‌ಗೆ ಹೇಳ್ತೀನಿ."

"ಸಾಯೋಳು ನಾನು. ನನಗೆ ಹೇಳಲ್ವಾ?"

"ಹೇಳಿದ್ರೆ ಪುಸ್ತಕ ತೆಗೆಸ್ತೀಯ. ಮೇಲೆ ನೋಡ್ತೀಯ, ಕೆಳಗೆ ನೋಡ್ತೀಯ. ಆಮೇಲೆ ಅದೂ ಬೇಡ ಅಂತೀಯ."

"ಬದಲಾಯಿಸಲ್ಲ ಅಂತ ಒಪ್ಪಿಯೇ ಗಾಡಿ ಕಳಿಸಿದ್ದು."

"ಹಾಗಿದ್ರೆ ತಿಳ್ಕೊಂಡು ಏನ್ ಮಾಡ್ತೀಯಮ್ಮ?"

ಅವಳು ಬೆಂಕಿ ಕೆದಕಿ, ಇನ್ನೊಂದು ಕೊರಡು ಹಾಕಿ, ನನ್ನ ಹೊದಿಕೆ ಎಳೆದು ಸರಿಮಾಡಿ ಹಿಟ್ಟಿನ ಕೆಲಸ ನೋಡಲು ಹೋದಳು. ನಾನು ಆ ಸಂಜೆಯೆಲ್ಲ ಊಹಿಸುತ್ತಾ ಕೂತೆ. ಮೆಚ್ಚುವ ವಚನವಿರಬಹುದು, ಹಂಗಿಸುವ ವಚನವಿರಬಹುದು. ಎರಡೂ ಅವಳಿಗೆ ಆಗುತ್ತದೆ, ಎರಡಕ್ಕೂ ಅವಳಿಗೆ ಹಕ್ಕಿದೆ. ಆಮೇಲೆ ನಿದ್ದೆ ಬಂತು. ಬಹಳ ದಿನದ ಮೇಲೆ ಬೆಳಗಿನವರೆಗೆ ಬಂತು.

ನೀನು ಕ್ರಿಸ್‌ಮಸ್ ಹಬ್ಬದವರೆಗೆ ಕಾಯದೆ ಹೊರಟು ಬಾ. ವಚನವನ್ನು ಅವಳ ಬಾಯಿಂದ ಕೇಳಿಕೋ. ನನ್ನ ಎದುರಿಗೆ ಬೇಡ. ಅದು ಯಾವುದೇ ಇರಲಿ, ನಿನಗೆ ಇಷ್ಟವಾಗಲಿ ಬಿಡಲಿ, ಮೆತ್ತಗೆ ಮಾಡಿ ಹೇಳಲು ಹೋಗಬೇಡ.

ಚರ್ಚಿನ ಬೆಂಚಿನಲ್ಲಿ ನನ್ನ ಜಾಗದಲ್ಲಿ ಅವಳು ಕೂರುತ್ತಾಳೆ ಎಂದು ಬೋಧಕರಿಗೆ ಹೇಳಿದ್ದೇನೆ. ಅವರು ಗಂಟಲು ಸರಿಮಾಡಿಕೊಂಡರು. ಮಾಡಿಕೊಳ್ಳಲಿ.

ನನ್ನನ್ನು ಮಣ್ಣು ಮಾಡುವ ದಿನ ನೀನು ಪ್ರಸಂಗಪೀಠ ಹತ್ತಿ ನಿಂತ ಮೇಲೆ ಪುಸ್ತಕದ ಹೆಸರು, ಅಧ್ಯಾಯ, ವಚನ ಮೂರನ್ನೂ ಎರಡು ಸಲ ಸ್ಪಷ್ಟವಾಗಿ ಹೇಳು. ಆಮೇಲೆ ಸುಮ್ಮನಿರು. ಚಳಿಗೆ ಜನರ ಬೆರಳು ಮರಗಟ್ಟಿರುತ್ತವೆ, ಹಾಳೆ ಬೇಗ ಬಿಡಿಸಲು ಬರುವುದಿಲ್ಲ. ಅವರು ಹುಡುಕಲಿ. ಹಿಂದಿನದನ್ನೂ ಓದಲಿ, ಮುಂದಿನದನ್ನೂ ಓದಲಿ. ಕೊನೆಯವನು ತಲೆ ಎತ್ತುವ ತನಕ ನೀನು ಬಾಯಿ ತೆರೆಯಬೇಡ.

ನಿನ್ನ ತಾಯಿ,
ಥೋಮಸಿನ್ ಕೆರಿಚ್